ಸ್ಟೇರಿಂಗಿನ ಮೇಲೆ ಒಂದು ಬೆರಳು

ಮೊನ್ನೆ ನಮ್ಮ ಓಣಿಯ ತುದಿಯಲ್ಲಿ ಹೊಸದಾಗಿ ತೆರೆದ ಗ್ಯಾರೇಜಿಗೆ ಸುಮ್ಮನೆ ಹೋಗಿ ನಿಂತಿದ್ದೆ. ಅಲ್ಲಿಯ ಮೇಸ್ತ್ರಿ ನಮ್ಮ ಗದಗಿನ ಕಡೆಯವನು. ಕಾರಿನ ಮುಂದಿನ ಗಾಲಿಗಳಿಗೆ ಅದೇನೋ ದೀಪ ಕಟ್ಟಿ, ಎದುರಿನ ಹಲಗೆಯ ಮೇಲೆ ಬಿದ್ದ ಬೆಳಕಿನ ಗೆರೆ ನೋಡಿ, ಎರಡು ಗಾಲಿಗಳನ್ನು ಜೋಡಿಸುವ ಸರಳಾದ ಟೈರಾಡನ್ನು ಅರ್ಧ ಸುತ್ತು ತಿರುಗಿಸಿ, "ಆತು ನೋಡ್ರಿ ಅಜ್ಜಾರ" ಎಂದ. ಅವನ ಅಂಗಿಗೆ ಎಣ್ಣೆಯ ಕಲೆ ಕೂಡ ಹತ್ತಿರಲಿಲ್ಲ. ನನಗೆ ಹೊಟ್ಟೆಯಲ್ಲಿ ಚುರ್ರೆಂದಿತು. ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪುಣೆಯಲ್ಲಿ ನಾನು ಗಾಲಿ ನೆಟ್ಟಗೆ ಮಾಡಿದಷ್ಟೂ ವರ್ಷ ಅದು ನನ್ನ ಜೊತೆಗೇ ದುಡಿದಿದೆ. ನಿವೃತ್ತಿ ಮಾತ್ರ ನನಗೊಬ್ಬನಿಗೇ ಆಗಿದೆ.

ಈ ಕಸುಬಿಗೆ ಬರುವ ಹೊಸಬರಿಗಾಗಿ ನಾಲ್ಕು ಮಾತು ಬರೆದಿಡಿ ಎಂದು ಅವನೇ ಕೇಳಿದ. ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಯಾವಾಗ ಪಗಾರ ಹೆಚ್ಚಿತು, ಯಾವಾಗ ಹಿರೇ ಮೇಸ್ತ್ರಿ ಎನ್ನಿಸಿಕೊಂಡೆ ಎಂಬುದು ಇಲ್ಲಿ ಬರುವುದಿಲ್ಲ. ಅದನ್ನು ಓದಿ ಯಾರ ಗಾಲಿಯೂ ನೆಟ್ಟಗಾಗುವುದಿಲ್ಲ. ಬರುವುದು ಮುಂದಿನ ಆಕ್ಸಲಿನ ಕೆಲಸ, ನನ್ನ ತಪ್ಪುಗಳು, ಮತ್ತು ಮಾಧವನೆಂಬ ಒಬ್ಬ ಮನುಷ್ಯ. ಅವನನ್ನು ಬಿಟ್ಟು ಬರೆಯಲು ಎರಡು ಸಲ ಯತ್ನಿಸಿದೆ, ಆಗಲಿಲ್ಲ. ಅದಕ್ಕೂ ಸಿಟ್ಟು ಬಂದಿದೆ.

ನಾವು ಬಾಗಲಕೋಟೆ ಕಡೆಯ ಬಡಿಗೇರರು. ಅಪ್ಪ ಚಕ್ಕಡಿ ಮಾಡುತ್ತಿದ್ದ. ಊರಲ್ಲಿ ಮೂವರು ಅಣ್ಣಂದಿರು ಅದೇ ಕೆಲಸಕ್ಕೆ ನಿಂತ ಮೇಲೆ ನನ್ನ ಪಾಲಿಗೆ ಉಳಿ ಹಿಡಿಯುವಷ್ಟು ಜಾಗವೂ ಉಳಿಯಲಿಲ್ಲ. ಪುಣೆಯಲ್ಲಿ ಬಟ್ಟೆ ಅಂಗಡಿಯೊಂದರ ಗುಮಾಸ್ತನಾಗಿದ್ದ ಸೋದರಮಾವ ನನ್ನನ್ನು ಕರೆತಂದು ಕ್ಯಾಂಪಿನ ಕಡೆಯ ಒಂದು ಮೋಟಾರು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಮಾಲಕರನ್ನು ಎಲ್ಲರೂ ಅಣ್ಣಾಸಾಹೇಬ ಎನ್ನುತ್ತಿದ್ದರು. ಅವರು ಆಡಿದ್ದೆಲ್ಲ ಮರಾಠಿ. ಇಲ್ಲಿ ನಮ್ಮ ಮಾತಿಗೆ ಇಳಿಸಿ ಬರೆಯುತ್ತೇನೆ.

"ಏನು ಬರ್ತದ ನಿನಗ?" ಎಂದು ಕೇಳಿದರು.

"ಚಕ್ಕಡಿ ಗಾಲಿ ಬರ್ತಾವ್ರಿ."

ಅವರು ನಕ್ಕರು. ಆಮೇಲೆ ಒಂದು ಕಾರಿನ ಮುಂದಿನ ಗಾಲಿ ತೋರಿಸಿ, ಅದು ಮೇಲುಗಡೆ ತುಸು ಹೊರಗೆ ವಾಲಿದೆಯಲ್ಲ, ಕೆಟ್ಟಿದೆಯೋ ಸರಿಯಿದೆಯೋ ಹೇಳು ಎಂದರು. ಚಕ್ಕಡಿಯ ಗಾಲಿಯನ್ನೂ ನಾವು ಹಾಗೆಯೇ ತುಸು ಹೊರಗೆ ವಾಲಿಸಿ ಕೂರಿಸುತ್ತೇವೆ. ಭಾರ ಬಿದ್ದಾಗ ಅದು ಅಚ್ಚನ್ನು ಒತ್ತಿಕೊಂಡು ನಿಲ್ಲುತ್ತದೆ. "ಸರಿ ಅದರಿ" ಎಂದೆ. ಅವತ್ತಿನಿಂದ ಮುಂದಿನ ಗಾಲಿಗಳ ಕೆಲಸ ನನ್ನದಾಯಿತು. ಪುಣೆಯಲ್ಲಿ ನನ್ನದು ಎನ್ನಬಹುದಾದ ವಸ್ತು ಅದೊಂದೇ ಇತ್ತು.

ಕೆಲಸ ಏನೆಂದು ಹೊಸಬರಿಗೆ ಹೇಳಬೇಕು. ಸ್ಪ್ರಿಂಗ್ ಪಟ್ಟಿ ಮುರಿದು ಹೊಸದು ಹಾಕಿರಿ, ಗಾಲಿ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ನು ಸವೆದು ಬದಲಿಸಿರಿ, ಅದನ್ನು ಹಿಡಿಯುವ ಬಳೆ, ಅಂದರೆ ಬುಶ್ಶು, ತೆಗೆದು ಬೇರೆ ಬಡಿಯಿರಿ, ಆಮೇಲೆ ಮುಂದಿನ ಎರಡು ಗಾಲಿಗಳು ಯಾವ ಕಡೆ ನೋಡುತ್ತಿವೆ ಎಂದು ಅಳೆಯಲೇಬೇಕು. ಹಳೆಯ ಭಾಗಗಳು ಸವೆಯುತ್ತ ಸವೆಯುತ್ತ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಹೊಸದೊಂದು ಬಂತೋ, ಹೊಸ ಸೊಸೆ ಬಂದ ಮನೆಯಂತೆ, ಮೊದಲಿನ ರೀತಿ ಯಾವುದೂ ನಡೆಯುವುದಿಲ್ಲ.

ನಮ್ಮ ಹತ್ತಿರ ದೀಪವೂ ಇರಲಿಲ್ಲ, ಹಲಗೆಯೂ ಇರಲಿಲ್ಲ. ಜಾಕಿನ ಮೇಲೆ ಎತ್ತಿದ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಟೈರಿನ ನಡುವಿಗೆ ಸೀಮೆಸುಣ್ಣ ಹಿಡಿದರೆ ಸುತ್ತಲೂ ಒಂದು ಬಿಳಿ ಗೆರೆ ಬೀಳುತ್ತಿತ್ತು. ಎರಡೂ ಗಾಲಿಗೆ ಹಾಗೆ ಗೆರೆ ಹಾಕಿ, ಕಾರನ್ನು ಇಳಿಸಿ, ಹಿಂದೆ ಮುಂದೆ ನೂಕಿ, ಸ್ಪ್ರಿಂಗು ಭಾರ ಹಿಡಿದು ಕೂತ ಮೇಲೆ ಅಳತೆ. ಅಳೆಯಲು ಮೊಳೆಗಳಿದ್ದ ಒಂದು ಸಾಗುವಾನಿ ಕೋಲು; ಒಂದು ಮೊಳೆ ಗಟ್ಟಿ, ಇನ್ನೊಂದು ಸರಿಯುವಂಥದ್ದು. ಗಾಲಿಗಳ ಮುಂಭಾಗದಲ್ಲಿ ಗೆರೆಯಿಂದ ಗೆರೆಗೆ ಅಳೆದು, ಅದೇ ಕೋಲನ್ನು ಹಿಂಭಾಗಕ್ಕೆ ಹಿಡಿಯಬೇಕು. ಮುಂದಿನ ಅಂತರ ಹಿಂದಿನದಕ್ಕಿಂತ ಒಂದು ಜೋಳದ ಕಾಳಿನಷ್ಟು ಕಡಿಮೆ ಇರಬೇಕು. ಇರದಿದ್ದರೆ ಟೈರಾಡು ತಿರುಗಿಸಿ ಮತ್ತೆ ಅಳೆಯಬೇಕು. ಬೆನ್ನು ನೆಲಕ್ಕೆ, ಕಣ್ಣಿಗೆ ಮಣ್ಣು. ಈಗಿನವರು ನಿಂತುಕೊಂಡು ಮಾಡುತ್ತಾರೆ. ಮಾಡಲಿ.

ಅಷ್ಟಾದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಅಣ್ಣಾಸಾಹೇಬರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಮುಂದಿನ ಗಾಲಿಯ ಕೆಲಸವಾದ ಪ್ರತಿ ಕಾರನ್ನೂ ಖಡಕಿಗೆ ಹೋಗುವ ರಸ್ತೆಗೆ ಒಯ್ಯಬೇಕು. ದಂಡಿನ ಸಾಹೇಬರು ಓಡಾಡುವ ರಸ್ತೆಯಾದ್ದರಿಂದ ಅದು ಬೇರೆ ರಸ್ತೆಗಳಿಗಿಂತ ಸಮನಾಗಿತ್ತು. ಕಾರನ್ನು ಗಿರಾಕಿಯೇ ನಡೆಸಬೇಕು, ಕೆಲಸ ಮಾಡಿದ ಮೇಸ್ತ್ರಿ ಪಕ್ಕದಲ್ಲಿ ಕೂರಬೇಕು. ನೆಟ್ಟನೆಯ ಜಾಗ ಬಂದಾಗ ಮೇಸ್ತ್ರಿ "ಹಾತ್ ಸೋಡಾ" ಎನ್ನಬೇಕು, ಅಂದರೆ ಕೈ ಬಿಡಿ ಎಂದು. ಗಿರಾಕಿ ಸ್ಟೇರಿಂಗು ಬಿಡಬೇಕು. ದೊಡ್ಡ ಆಲದ ಮರದ ತನಕ ಕಾರು ತಾನಾಗಿ ನೆಟ್ಟಗೆ ಹೋದರೆ ಕೆಲಸ ಪಾಸು.

"ಗಾಡಿ ಗಟಾರಕ್ಕ ಬಿದ್ದರ ಗಿರಾಕಿ ಒಬ್ಬನ ಯಾಕ ಬೀಳಬೇಕು? ಮಾಡಿದವನೂ ಬೀಳಲಿ" ಎನ್ನುತ್ತಿದ್ದರು ಅಣ್ಣಾಸಾಹೇಬರು. ಅವರಿಗೆ ಅದು ನಗೆಯ ಮಾತು. ನನಗೆ ಪ್ರತಿ ಸಲವೂ ಪರೀಕ್ಷೆ.

ಆ ರಸ್ತೆಯಲ್ಲಿ ನಾನು ಕಂಡದ್ದು ಇಷ್ಟು. ಕೈ ಬಿಡಿ ಎಂದರೆ ಜನ ಬಿಡುವುದಿಲ್ಲ. ಬಿಟ್ಟಂತೆ ಮಾಡುತ್ತಾರೆ. ಅಂಗೈ ಎತ್ತುತ್ತಾರೆ, ಹೆಬ್ಬೆರಳು ತೆಗೆಯುತ್ತಾರೆ, ಕೊನೆಗೆ ಒಂದು ಕಿರುಬೆರಳನ್ನಾದರೂ ಸ್ಟೇರಿಂಗಿನ ಕೆಳಗೆ ತಾಗಿಸಿ ಇಟ್ಟುಕೊಳ್ಳುತ್ತಾರೆ. ವಕೀಲರು ಹಾಗೆ ಮಾಡಿದರು, ವೈದ್ಯರು ಹಾಗೆ ಮಾಡಿದರು, ಯುದ್ಧಕ್ಕೆ ಹೋಗಿ ಬಂದ ಒಬ್ಬ ಸುಬೇದಾರರೂ ಹಾಗೆಯೇ ಮಾಡಿದರು. ಮನುಷ್ಯರ ಸ್ವಭಾವವೇ ಅದು ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಆಮೇಲೆ ಮಾಧವ ಬಂದ.

ಅವನು ಉಡುಪಿ ಕಡೆಯವನು. ಅವನ ದೊಡ್ಡಪ್ಪ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಕಪ್ಪು ಬಸಿ ತೊಳೆದು ಬೇಸತ್ತು, ದೊಡ್ಡಪ್ಪನ ಹಳೇ ಗಾಡಿಯ ಕೆಳಗೆ ಮಲಗಿ ಮಲಗಿ ಒಂದಿಷ್ಟು ಕಲಿತು, ನಮ್ಮ ಗ್ಯಾರೇಜಿಗೆ ಬಂದು ಸೇರಿದ. ತಲೆಗೆ ಎಣ್ಣೆ ಹಚ್ಚಿ ನಡು ಬೈತಲೆ ತೆಗೆಯುತ್ತಿದ್ದ. ಕಿವಿಯಲ್ಲಿ ಅತ್ತರಿನ ಹತ್ತಿ. ಗ್ರೀಸು ಹಿಡಿಯುವ ಕೈಗೆ ಅತ್ತರು! ಕಾಳಪ್ಪಣ್ಣ ಎಂದು ನನ್ನನ್ನು ಕರೆದ ಮೊದಲ ದಿನವೇ ನಾನು ಅವನನ್ನು ಮೆಚ್ಚಬಾರದೆಂದು ಗಟ್ಟಿ ಮಾಡಿಕೊಂಡೆ.

ಮುಂದಿನ ಆಕ್ಸಲಿನ ಕೆಲಸ ಹೆಚ್ಚಾಗಿತ್ತು. ಅಣ್ಣಾಸಾಹೇಬರು ಅವನನ್ನು ನನ್ನ ಕೈಕೆಳಗೆ ಕೊಟ್ಟರು. ಕೋಲು ಹಿಡಿಯುವುದು, ಗೆರೆ ಹಾಕುವುದು, ಎಲ್ಲ ನಾನೇ ಕಲಿಸಿದೆ. ಒಂದು ದಿನ ನನಗೆ ಜ್ವರ. ಊರ ದೊಡ್ಡ ಶಾಲೆಯೊಂದರ ಮುಖ್ಯ ಉಪಾಧ್ಯಾಯಿನಿ, ಎಲ್ಲರೂ ಬಾಯಿ ಎನ್ನುತ್ತಿದ್ದವರು, ಅವರ ಕಾರನ್ನು ಅವನೇ ಸರಿಮಾಡಿ ಖಡಕಿ ರಸ್ತೆಗೆ ಒಯ್ದ. ಪುಣೆಯಲ್ಲಿ ಆಗ ಕಾರು ನಡೆಸುವ ಹೆಂಗಸರು ಬೆರಳೆಣಿಕೆ. ಆ ಬಾಯಿಯವರು ಬಹಳ ಗಂಭೀರ. ಅವರನ್ನು ಕಂಡರೆ ಅಣ್ಣಾಸಾಹೇಬರೂ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತಾಗಲೆಲ್ಲ ಅವರದೂ ಒಂದು ಬೆರಳು ಸ್ಟೇರಿಂಗಿನ ಮೇಲೆ ಇದ್ದೇ ಇರುತ್ತಿತ್ತು. ನಾನು ಮರಳಿ ಕೆಲಸಕ್ಕೆ ಬಂದ ದಿನ ಅಣ್ಣಾಸಾಹೇಬರು ಎಲ್ಲರೆದುರು ಹೇಳಿದರು, "ಬಾಯಿ ಎರಡೂ ಕೈ ಬಿಟ್ಟರಂತ ನೋಡ್ರೋ! ಬಿಟ್ಟು, ಕೈ ಮಡಚಿಕೊಂಡು ಕೂತರಂತ."

ನನಗೆ ಜ್ವರ ಮತ್ತೆ ಬಂದಂತಾಯಿತು.

ಮೊದಲು ಸುಳ್ಳೆಂದುಕೊಂಡೆ. ಆಮೇಲೆ ಅವನು ಪರೀಕ್ಷೆಗೆ ಒಯ್ಯುವ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವ ಪ್ರಸಂಗಗಳು ಬಂದವು, ಕಣ್ಣಾರೆ ಕಂಡೆ. ಮಾಧವ ಮುಂದೆ ಗಿರಾಕಿಯ ಪಕ್ಕದಲ್ಲಿ ಕೂತು ದೊಡ್ಡಪ್ಪನ ಹೋಟೆಲಿನ ಕಥೆ ಹೇಳುತ್ತಿದ್ದ. ಯಾರೋ ಚಟ್ನಿ ಆರು ಸಲ ಕೇಳಿದ್ದು, ಯಾರೋ ಕಾಫಿಯಲ್ಲಿ ಬಿದ್ದ ಉಂಗುರ ನುಂಗಿದ್ದು. ನಡುವೆ ಅದೇ ದನಿಯಲ್ಲಿ "ಹಾತ್ ಸೋಡಾ" ಎಂದುಬಿಡುತ್ತಿದ್ದ. ಗಿರಾಕಿ ನಗುನಗುತ್ತ ಎರಡೂ ಕೈ ಬಿಡುತ್ತಿದ್ದ. ಕಾರು ನೆಟ್ಟಗೆ ಹೋಗುತ್ತಿತ್ತು. ಅದೇ ಕೋಲು, ಅದೇ ಜೋಳದ ಕಾಳು, ಅದೇ ಸೀಮೆಸುಣ್ಣ. ನಾನು ಮಾಡಿದ ಕಾರೂ ಅಷ್ಟೇ ನೆಟ್ಟಗೆ ಹೋಗುತ್ತಿತ್ತು. ಆದರೆ ನನ್ನ ಕಾರಿನಲ್ಲಿ ಬೆರಳು, ಅವನ ಕಾರಿನಲ್ಲಿ ಬರಿ ಸ್ಟೇರಿಂಗು.

ಮನೆಗೆ ಬಂದು ಹೆಂಡತಿ ಶಾಂತವ್ವನ ಮುಂದೆ ಹೇಳಿಕೊಂಡೆ. ಸಮಾಧಾನ ಮಾಡುತ್ತಾಳೆಂದು ತಿಳಿದದ್ದು ನನ್ನ ತಪ್ಪು.

"ಅಲ್ಲರಿ, ನೀವು ಗಾಡ್ಯಾಗ ಹೆಂಗ ಕೂಡತೀರಿ ನಿಮಗ ಗೊತ್ತದೇನು?" ಎಂದಳು. "ಹಲ್ಲು ಕಚ್ಚಿ, ಕಾಲು ಒತ್ತಿ, ಮುಂದ ಹುಲಿ ನಿಂತಂಗ ನೋಡತೀರಿ. ನಿಮ್ಮ ಮಾರಿ ನೋಡಿದರ ಯಾರು ಕೈ ಬಿಡತಾರ?"

ಆ ಮಾತು ಕೇಳಿ ನಾನು ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಅವಳಿಗೆ ಅದು ತಿಳಿದಂತೆ ಕಾಣಲಿಲ್ಲ. ಮುಂದಿನ ವಾರ ಮಾಧವನನ್ನು ಊಟಕ್ಕೆ ಕರೆದಳು. ಅವನು ಅಕ್ಕ, ಅಕ್ಕ ಎನ್ನುತ್ತ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ಮೇಲಿಂದ ಮೇಲೆ ಹಾಕಿಸಿಕೊಂಡು ತಿಂದ. ಅಕ್ಕಿ ಉಣ್ಣುವವನಿಗೆ ಇಷ್ಟು ರೊಟ್ಟಿ ಎಲ್ಲಿ ಹೋಗುತ್ತದೆ ಎಂದು ನಾನು ನೋಡುತ್ತ ಕೂತೆ. ನನ್ನ ರೊಟ್ಟಿ ತಟ್ಟೆಯಲ್ಲೇ ಆರಿತು.

ಇನ್ನು ಒಂದು ತಪ್ಪಿನ ಸಂಗತಿ. ಹೊಸಬರು ಇದನ್ನು ನೆನಪಿಡಬೇಕು. ಒಬ್ಬ ವಕೀಲರ ಕಾರಿಗೆ ನಾನು ಮುಂದಿನ ಎರಡೂ ಸ್ಪ್ರಿಂಗು ಹೊಸದು ಹಾಕಿದೆ. ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಬೆಣೆಯಂತೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿರುವ ತಗಡು ಇರುತ್ತದೆ. ಅದರಿಂದ ಆಕ್ಸಲು ತುಸು ಹಿಂದಕ್ಕೆ ವಾಲಿ ನಿಲ್ಲುತ್ತದೆ, ತಿರುವಿನ ನಂತರ ಸ್ಟೇರಿಂಗು ತಾನಾಗಿ ನಡುವಿಗೆ ಬರುತ್ತದೆ. ಅವತ್ತು ಮಾಧವನ ಹಾಡು ಕೇಳುತ್ತ, ಅವನ ಮೇಲೆ ಕುದಿಯುತ್ತ, ಎರಡೂ ಬೆಣೆಗಳನ್ನು ಹಿಂದುಮುಂದಾಗಿ ಹಾಕಿಬಿಟ್ಟೆ. ಕೋಲಿನಿಂದ ಅಳೆದರೆ ಎಲ್ಲ ಸರಿ. ಗ್ಯಾರೇಜಿನ ಸುತ್ತ ಒಂದು ಸುತ್ತು ಓಡಿಸಿ ನೋಡಿದರೆ ಕಾರು ಕುಡಿದ ಎತ್ತಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂರಾಡುತ್ತಿದೆ. ಮತ್ತೆ ಮತ್ತೆ ಅಳೆದೆ. ಜೋಳದ ಕಾಳು ಇದ್ದಲ್ಲೇ ಇದೆ. ಅಣ್ಣಾಸಾಹೇಬರು ಊಟಕ್ಕೆ ಹೋಗಿದ್ದರು. ಬಂದರೆ ಏನು ಹೇಳುವುದೆಂದು ಬೆವರಿದೆ.

ಮಾಧವ ಕೆಳಗೆ ಬಗ್ಗಿ ನೋಡಿದ. ಎದ್ದು ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ, "ಬೆಣೆ ತಿರುಗ್ಸಿ ಹಾಕ್ಬೇಕಿತ್ತೋ ಏನೋ ಕಾಳಪ್ಪಣ್ಣ, ನೀವೇ ಒಂದು ಸಲ ನೋಡಿ ಮಾರಾಯ್ರೇ" ಎಂದು ಹೋಗಿಬಿಟ್ಟ. ಅಣ್ಣಾಸಾಹೇಬರಿಗೆ ಹೇಳಲಿಲ್ಲ. ಆಮೇಲೂ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಅವನನ್ನು ದ್ವೇಷಿಸಲು ನನಗೆ ಒಂದು ನೆವವಾದರೂ ಸಿಗುತ್ತಿತ್ತು. ಅದನ್ನೂ ಆ ಪುಣ್ಯಾತ್ಮ ಕೊಡಲಿಲ್ಲ.

ನಾನು ಗೆದ್ದ ಸಂದರ್ಭವೂ ಒಂದಿದೆ, ಅದನ್ನು ಬಿಟ್ಟರೆ ನನಗೆ ಅನ್ಯಾಯವಾಗುತ್ತದೆ. ಇಂದಾಪುರದ ಕಡೆಯ ಪಾಟೀಲರೊಬ್ಬರು ಕಾರು ತಂದರು. ಮುಂದಿನ ಸ್ಪ್ರಿಂಗು, ಕಿಂಗ್‌ಪಿನ್ನು ಎಲ್ಲ ಬದಲಾಗಬೇಕಿತ್ತು. ಕೆಲಸವೆಲ್ಲ ಮಾಧವನದು. ಖಡಕಿ ರಸ್ತೆಯಲ್ಲಿ ಪಾಟೀಲರು ಕೈ ಬಿಟ್ಟಾಗ ಕಾರು ಎಡಕ್ಕೆ ಎಳೆಯಿತು. ಮಾಧವ ವಾಪಸು ತಂದು ಮತ್ತೆ ಅಳೆದ, ಮತ್ತೆ ಎಳೆಯಿತು. ಟೈರು ಅದಲುಬದಲು ಮಾಡಿದ, ಬೆಣೆ ನೋಡಿದ, ಬೇರಿಂಗು ಬಿಚ್ಚಿದ. ಅತ್ತರಿನ ಹತ್ತಿ ಕಿವಿಯಿಂದ ಯಾವಾಗಲೋ ಬಿದ್ದುಹೋಗಿತ್ತು. ನನಗೆ ಆವತ್ತು ಊಟ ರುಚಿಸಿತು.

ಸಂಜೆ ಅಣ್ಣಾಸಾಹೇಬರು, "ಕಾಳಪ್ಪಾ, ನೀ ಒಮ್ಮೆ ನೋಡು" ಎಂದರು. ಅವರು ಆ ಮಾತು ಹೇಳಲೆಂದೇ ನಾನು ಮುಂಜಾನೆಯಿಂದ ಆ ಕಾರಿನ ಹತ್ತಿರ ಹತ್ತಿರವೇ ಕೆಲಸ ಹುಡುಕಿಕೊಂಡು ನಿಂತಿದ್ದೆ.

ಎಲ್ಲರೂ ಮುಂದಿನ ಗಾಲಿಗಳನ್ನೇ ನೋಡುತ್ತಿದ್ದರು. ಚಕ್ಕಡಿ ಒಂದು ಕಡೆ ಎಳೆದರೆ ನಮ್ಮಪ್ಪ ಮೊದಲು ನೊಗದಿಂದ ಅಚ್ಚಿಗೆ ಎರಡೂ ಕಡೆ ದಾರ ಹಿಡಿಯುತ್ತಿದ್ದ. ನಾನೂ ದಾರ ತೆಗೆದುಕೊಂಡು ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಹಿಡಿದೆ. ಎಡಗಡೆ ಅಂತರ ಕಡಿಮೆ, ಬಲಗಡೆ ಹೆಚ್ಚು. ಹಿಂದಿನ ಆಕ್ಸಲೇ ಸೊಟ್ಟ ಕೂತಿದೆ! ಎಡ ಹಿಂದಿನ ಸ್ಪ್ರಿಂಗಿನ ಮೇಲಿನ ಕೆಸರು ಕೆರೆದೆ. ಒಳಗೆ ತೊಗಲಿನ ಮಿಣಿ ಕಂಡಿತು. ಹಳ್ಳಿಯಲ್ಲಿ ಸ್ಪ್ರಿಂಗಿನ ನಡುವಿನ ಬೋಲ್ಟು ಮುರಿದಾಗ ಅಲ್ಲಿಯ ಬಡಿಗ ಚಕ್ಕಡಿಯ ಸಣ್ಣ ಬೋಲ್ಟೊಂದನ್ನು ತೂರಿಸಿ, ಮೇಲೆ ಹಸೀ ತೊಗಲು ಬಿಗಿದು ಕಟ್ಟಿದ್ದ. ಒಣಗಿದ ಮೇಲೆ ಹಸೀ ತೊಗಲು ಕಬ್ಬಿಣದಂತೆ ಬಿಗಿಯುತ್ತದೆ. ಚಕ್ಕಡಿಗೆ ಅದು ಸರಿಯಾದ ಮದ್ದು. ಕಾರಿಗೆ ಸಾಲದು. ಸಣ್ಣ ಬೋಲ್ಟು ದೊಡ್ಡ ತೂತಿನಲ್ಲಿ ಸರಿದಿತ್ತು, ಅದರೊಡನೆ ಆಕ್ಸಲೂ ಮುಂದೆ ಸರಿದಿತ್ತು.

"ಹೌದೋ, ನಮ್ಮ ಬಡಿಗನ ಕಟ್ಟಿಕೊಟ್ಟಿದ್ದ. ಗಟ್ಟಿ ಅದ ಅಂದಿದ್ದ" ಎಂದರು ಪಾಟೀಲರು.

ಸರಿಯಾದ ಬೋಲ್ಟು ಹಾಕಿ ಮರುದಿನ ಖಡಕಿ ರಸ್ತೆಗೆ ಹೋದೆವು. ಪಾಟೀಲರ ಪಕ್ಕದಲ್ಲಿ ನಾನು. ಕಾರು ಎಳೆದ ದಾರದಂತೆ ಹೋಯಿತು. ಅವರು ಶಭಾಸ್ ಶಭಾಸ್ ಎನ್ನುತ್ತಲೇ ಇದ್ದರು, ಆದರೆ ಬಲಗೈಯ ತೋರುಬೆರಳು ಮಾತ್ರ ಸ್ಟೇರಿಂಗಿನ ಮೇಲೆ ಇತ್ತು. ಆಲದ ಮರ ಬಂದರೂ ಅದು ಏಳಲಿಲ್ಲ.

ಮಾಧವ ಏನು ಮಾಡಿದನೆಂದು ಕೇಳಿರಿ. ಸೋತವನು ಮುಖ ಸಣ್ಣ ಮಾಡಿಕೊಂಡು ಒಂದು ವಾರವಾದರೂ ಇರಬೇಕು. ಇವನು ಅವತ್ತೇ ದೊಡ್ಡಪ್ಪನ ಹೋಟೆಲಿಗೆ ಹೋಗಿ, "ನನ್ನಿಂದ ಆಗ್ಲಿಲ್ಲ, ನಮ್ಮ ಕಾಳಪ್ಪಣ್ಣ ಒಂದು ದಾರದಲ್ಲಿ ಕಂಡುಹಿಡಿದ್ರು" ಎಂದು ಬಂದವರಿಗೆಲ್ಲ ಹೇಳಿದ. ಜನ ಕೇಳಿ ಏನೆಂದರು? ಮಾಧವನದು ಎಂಥ ದೊಡ್ಡ ಮನಸ್ಸು ಎಂದರು. ಗೆದ್ದವನು ನಾನು, ಹೆಸರು ಅವನಿಗೆ. ಇದಕ್ಕೆ ಏನು ಮದ್ದಿದೆಯೋ ನನಗೆ ಇಂದಿಗೂ ತಿಳಿದಿಲ್ಲ.

ಮಹಾಯುದ್ಧ ಬಂದ ಮೇಲೆ ಪೆಟ್ರೋಲಿಗೆ ರೇಶನ್ನು. ಅರ್ಧ ಕಾರುಗಳು ಮನೆಯಲ್ಲೇ ನಿಂತವು. ಉಳಿದವು ಪೆಟ್ರೋಲಿನ ಬದಲಿಗೆ ಬೆನ್ನಿಗೆ ಇದ್ದಿಲು ಗ್ಯಾಸಿನ ದೊಡ್ಡ ಡಬ್ಬಿ ಕಟ್ಟಿಕೊಂಡು ಕೆಮ್ಮುತ್ತ ಓಡಾಡಿದವು. ಆ ಡಬ್ಬಿಯ ಭಾರಕ್ಕೆ ಕಾರಿನ ಹಿಂಭಾಗ ಕುಸಿದು ಮುಂಭಾಗ ಎದ್ದು ನಿಲ್ಲುತ್ತಿತ್ತು. ಸ್ಟೇರಿಂಗು ಗಾಳಿಯಲ್ಲಿದ್ದಂತೆ ಹಗುರವಾಗುತ್ತಿತ್ತು. ಡಬ್ಬಿ ಕಟ್ಟಿ, ಒಳಗೆ ಇದ್ದಿಲು ತುಂಬಿಯೇ ಗಾಲಿ ಅಳೆಯಬೇಕೆಂದು ನಾವು ಒಂದೆರಡು ಕಾರು ಗಟಾರದ ತನಕ ಹೋದ ಮೇಲೆ ಕಲಿತೆವು. ಕಾರು ಹೇಗೆ ಓಡುತ್ತದೋ ಹಾಗೆ ಅಳೆಯಿರಿ. ಖಾಲಿ ನಿಂತದ್ದನ್ನು ಅಳೆದರೆ ಖಾಲಿ ನಿಂತಾಗ ಮಾತ್ರ ಅದು ಸರಿ ಇರುತ್ತದೆ.

ಅದೇ ಕಾಲಕ್ಕೆ ಖಡಕಿಯಲ್ಲಿ ದಂಡಿನ ಗಾಡಿಗಳ ಕೆಲಸ ವಿಪರೀತವಾಗಿ, ಅಲ್ಲಿಯ ಒಬ್ಬ ಸಾಹೇಬ ಅಣ್ಣಾಸಾಹೇಬರ ಹತ್ತಿರ ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಕೇಳಿದ. ಅವರು ಮಾಧವನನ್ನು ಕಳಿಸಿದರು. ನನ್ನನ್ನು ಕೇಳಲೂ ಇಲ್ಲ. ಅವನು ಖಾಕಿ ತೊಟ್ಟು, ಸೈಕಲ್ಲಿನ ಮೇಲೆ, ನಮ್ಮ ಮನೆಯ ಮುಂದೆಯೇ ಹೋಗುತ್ತಿದ್ದ. ಅಲ್ಲಿ ಗಾಲಿ ಅಳೆಯುವ ಯಂತ್ರವಿದೆಯೆಂದು ಸುದ್ದಿ ಬಂತು. ಅದರ ಬಗ್ಗೆ ತಿಳಿಯಬೇಕೆಂದು ನನಗೆ ಜೀವ ಹೋಗುತ್ತಿತ್ತು. ಅವನನ್ನು ಕೇಳುವುದಕ್ಕಿಂತ ಜೀವ ಹೋದರೂ ವಾಸಿ ಎನ್ನಿಸುತ್ತಿತ್ತು. ಕೊನೆಗೆ ಅವನು ಊಟಕ್ಕೆ ಬಂದ ದಿನ ಶಾಂತವ್ವನಿಗೆ ಮೊದಲೇ ಹೇಳಿಕೊಟ್ಟೆ.

"ಅಲ್ಲೋ ಮಾಧವಾ," ಎಂದಳು ಅವಳು ಸಾರು ಬಡಿಸುತ್ತ, "ಆ ಯಂತ್ರದಾಗ ಗಾಲಿ ಹೆಂಗ ಅಳೀತಾರ?"

"ಗಾಲಿ ಕೆಳಗೆ ತಿರುಗುವ ತಟ್ಟೆ ಉಂಟು ಅಕ್ಕ. ಪಕ್ಕಕ್ಕೆ ನೀರುಗುಳ್ಳೆಯ ಮಟ್ಟಗೋಲು. ಆಕ್ಸಲು ಎಷ್ಟು ಹಿಂದೆ ವಾಲಿದೆ ಅಂತ ಅದ್ರಲ್ಲೇ ಕಾಣ್ತದೆ."

ನಾನು ರೊಟ್ಟಿ ಮುರಿಯುತ್ತ ಶಾಂತವ್ವನ ಕಡೆ ಕಣ್ಣು ಮಾಡಿದೆ.

"ಮತ್ತ... ಅದು ಎಡ ಬಲ ಎರಡೂ ಕಡೆ ಒಂದ ಇರಬೇಕೇನು?"

"ಇರ್ಬೇಕು ಅಕ್ಕ." ಅವನು ಅವಳಿಗೆ ಹೇಳುತ್ತಲೇ ನನ್ನ ಕಡೆ ತಿರುಗಿ ಕೂತ. ತಟ್ಟೆಯ ಮೇಲೆ ಬೆರಳಿನಿಂದ ಸಾರಿನಲ್ಲಿ ಗೆರೆ ಎಳೆದು, ಗಾಲಿಯನ್ನು ಹೊರಗೆಷ್ಟು ತಿರುಗಿಸಬೇಕು, ಒಳಗೆಷ್ಟು ತಿರುಗಿಸಬೇಕು, ಗುಳ್ಳೆ ಎಲ್ಲಿಗೆ ಬರಬೇಕು, ಎಲ್ಲ ತೋರಿಸಿದ. ಶಾಂತವ್ವ ಅಷ್ಟರಲ್ಲಿ ಒಳಗೆ ಹೋಗಿದ್ದಳು. ಅವನು ಹೇಳುತ್ತಲೇ ಇದ್ದ, ನಾನು ಕೇಳಿಸಿಕೊಳ್ಳದವನಂತೆ ಕೇಳುತ್ತಲೇ ಇದ್ದೆ. ಆಮೇಲೆ ಹಲವು ವರ್ಷ ನಾನು ಮಾಡಿದ ಕೆಲಸಕ್ಕೆ ಆ ಸಾರಿನ ಗೆರೆಗಳೇ ಆಧಾರ.

ಯುದ್ಧ ಮುಗಿದ ಮೇಲೆ ಮಾಧವ ನಮ್ಮಲ್ಲಿಗೆ ಮರಳಲಿಲ್ಲ. ಸೋಲಾಪುರ ರಸ್ತೆಯ ಕಡೆ ಒಂದು ತಗಡಿನ ಶೆಡ್ಡು ಹಾಕಿ ಸ್ವಂತ ಗ್ಯಾರೇಜು ತೆರೆದ. ಮುಂದಿನ ಗಾಲಿಗಳ ಕೆಲಸ ಪೂರ್ತಿಯಾಗಿ ನನಗೇ ಬಂತು. ಇಷ್ಟು ವರ್ಷ ಬಯಸಿದ್ದು ಅದೇ ತಾನೆ? ಮೊದಲನೆಯ ವಾರವೇ ಶಾಲೆಯ ಬಾಯಿಯವರು ಬಂದರು. ಕಿಂಗ್‌ಪಿನ್ನು ಬದಲಿಸಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಅಳೆದು, ಖಡಕಿ ರಸ್ತೆಗೆ ಹೊರಟೆವು. ಹಲ್ಲು ಕಚ್ಚಬಾರದು, ಕಾಲು ಒತ್ತಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ನಗುವ ಒಂದು ಕಥೆಯನ್ನೂ ಸಿದ್ಧಮಾಡಿಕೊಂಡಿದ್ದೆ. ಚಟ್ನಿಯ ಕಥೆ. ಅರ್ಧ ಹೇಳುವಷ್ಟರಲ್ಲಿ ನೆಟ್ಟನೆಯ ಜಾಗ ಬಂತು.

"ಹಾತ್ ಸೋಡಾ, ಬಾಯಿಸಾಹೇಬ" ಎಂದೆ.

ಅವರು ಕೈ ಬಿಟ್ಟರು. ಒಂದು ಬೆರಳು ಉಳಿಸಿಕೊಂಡರು. ಆಲದ ಮರ ದಾಟಿದ ಮೇಲೆ, "ಛಲೋ ಆಗೇದ. ಮಾಧವರಾವ ಈಗ ಎಲ್ಲಿ ಇರತಾರ?" ಎಂದು ಕೇಳಿದರು. ನಾನು ವಿಳಾಸ ಹೇಳಿದೆ. ತಪ್ಪು ವಿಳಾಸ ಹೇಳುವ ಮನಸ್ಸಾಗಿತ್ತು, ಆದರೆ ಪುಣೆಯಲ್ಲಿ ಅವನ ಶೆಡ್ಡು ಯಾರಿಗೆ ಗೊತ್ತಿರಲಿಲ್ಲ?

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ದೀಪಾವಳಿಗೆ ಮುಂಚೆ, ಮಾಧವ ಒಂದು ಹಳೇ ದೊಡ್ಡ ಕಾರು ತಂದು ನಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಅವನು ಸ್ವಂತಕ್ಕೆ ಕೊಂಡದ್ದು. ಸ್ಪ್ರಿಂಗು ಕುಸಿದಿದ್ದವು, ಕಿಂಗ್‌ಪಿನ್ನು ಗಿಲಿಗಿಲಿ ಎನ್ನುತ್ತಿದ್ದವು.

"ನಿನ್ನದ ಗ್ಯಾರೇಜ ಅದ. ಇಲ್ಲ್ಯಾಕ ತಂದಿ?" ಎಂದೆ.

"ಅಮ್ಮ ಊರಿಂದ ಬಂದಿದ್ದಾರೆ ಕಾಳಪ್ಪಣ್ಣ. ಎಲ್ಲರನ್ನೂ ಕೂರಿಸ್ಕೊಂಡು ಪಂಢರಪುರಕ್ಕೆ ಹೋಗ್ಬೇಕು. ಸ್ವಂತದ್ದಕ್ಕೆ ನಾನೇ ಕೈ ಹಾಕಿದ್ರೆ ಎಲ್ಲ ಸರಿ ಅಂತ್ಲೇ ಕಾಣ್ತದೆ. ನೀವು ಮಾಡಿ ಮಾರಾಯ್ರೇ."

ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಹಟ. ಈ ಕಾರಿನಲ್ಲಿ ಅವನಿಗೆ ಒಂದು ಐಬು ಸಿಗಬಾರದು ಎಂದುಕೊಂಡೆ. ಸ್ಪ್ರಿಂಗು ಕೂರಿಸಿದೆ, ಬೆಣೆಯನ್ನು ಹಾಕುವ ಮುಂಚೆ ಬೆಳಕಿಗೆ ಹಿಡಿದು ನೋಡಿದೆ, ಬುಶ್ಶುಗಳ ತೂತನ್ನು ನನ್ನ ಕೈಯಾರೆ ರೀಮರು ಎಂಬ ಹತಾರ ಹಾಕಿ ಸವೆಸಿದೆ. ಅವನ ಮನೆಯವರಷ್ಟೇ ಭಾರಕ್ಕೆ ಸಿಮೆಂಟಿನ ಚೀಲ ಸೀಟಿನ ಮೇಲಿಟ್ಟು ಅಳೆದೆ. ಮುಂದಿನ ಗಾಲಿಗೆ ಕೋಲು, ಹಿಂದಿನ ಗಾಲಿಗೆ ದಾರ. ಜೀವಮಾನದಲ್ಲಿ ಅಷ್ಟು ಚಂದದ ಕೆಲಸ ನಾನು ಮತ್ತೊಂದು ಮಾಡಿಲ್ಲ.

ಅವನು ಮನೆಯವರನ್ನೆಲ್ಲ ಕರೆದುಕೊಂಡೇ ಬಂದ. ಹಿಂದೆ ಅವನ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಹಾಗೇ ಖಡಕಿ ರಸ್ತೆಗೆ ಹೋಗಿ ಬರೋಣ ಎಂದ. ಮೊದಲು ನಾವಿಬ್ಬರೇ ಹೋಗಿ ನೋಡೋಣ ಎಂದೆ. "ಎಂಥದಕ್ಕೆ? ನೀವೇ ಅಲ್ವಾ ಮಾಡಿದ್ದು?" ಎಂದ.

ನೆಟ್ಟನೆಯ ಜಾಗ ಬಂತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅವನು ಎರಡೂ ಕೈ ಬಿಟ್ಟ. ಬಿಟ್ಟವನು ಸುಮ್ಮನೆ ಕೂತನೇ? ಹಿಂದೆ ಕೂತ ಮಗಳು ಏನೋ ಕೇಳಿದಳೆಂದು ಪೂರ್ತಿ ಹಿಂದಕ್ಕೆ ತಿರುಗಿ, ಅವಳ ಜಡೆಯ ರಿಬ್ಬನ್ನು ಕಟ್ಟಲು ಶುರು ಮಾಡಿದ. ರಸ್ತೆಯ ಕಡೆ ಅವನ ಬೆನ್ನು. ಕಾರು ಓಡುತ್ತಿತ್ತು. ಒಳಗೆ ಐದು ಜೀವ, ನನ್ನದೂ ಸೇರಿ ಆರು. ನಾನು ಪಕ್ಕದಲ್ಲಿ ಕೂತಾಗ ಯಾರೂ ಬಿಡದ ಕೈಯನ್ನು ನನ್ನ ಪಕ್ಕದಲ್ಲಿ ಕೂತು ಒಬ್ಬ ಮನುಷ್ಯ ಬಿಟ್ಟಿದ್ದ. ಅದನ್ನು ನೋಡಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆ!

ರಿಬ್ಬನ್ನು ಕಟ್ಟಿ ಮುಗಿಸಿ ಅವನು ಮುಂದಕ್ಕೆ ತಿರುಗಿದ. ಸ್ಟೇರಿಂಗು ನೋಡಿದ. ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, ಹಿಂದಿನವರಿಗೆ ಕೇಳದಂತೆ, "ತೆಗೀರಿ ಕಾಳಪ್ಪಣ್ಣ" ಎಂದ.

ಆಗ ನೋಡಿಕೊಂಡೆ. ನನ್ನ ಬಲಗೈ ಯಾವಾಗ ಚಾಚಿತ್ತೋ ನನಗೇ ತಿಳಿದಿರಲಿಲ್ಲ. ಸ್ಟೇರಿಂಗಿನ ಮೇಲೆ ನನ್ನ ಬೆರಳಿತ್ತು.

ತೆಗೆದೆ. ಅವನು ಏನೂ ಆಗದವನಂತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹಾಡು ಗುನುಗಿದ. ನನ್ನ ಗಿರಾ​ಕಿಗಳನ್ನು ಅವನು ಪಡೆದಿದ್ದ, ಹೆಸರು ಪಡೆದಿದ್ದ, ನನ್ನ ಮನೆಯ ರೊಟ್ಟಿಯನ್ನೂ ಪಡೆದಿದ್ದ. ನನ್ನ ಕೆಲಸದ ಮೇಲಿನ ನಂಬಿಕೆ ಒಂದು ಉಳಿದಿತ್ತು. ನನಗೇ ಇಲ್ಲದ ಆ ನಂಬಿಕೆ ಕೂಡ ಅವನ ಹತ್ತಿರವೇ ಇತ್ತು. ಆಲದ ಮರ ಬಂತು, ದಾಟಿತು. ಕಾರು ನೆಟ್ಟಗೆ ಹೋಗುತ್ತಿತ್ತು, ನನ್ನ ಹೊಟ್ಟೆ ಉರಿಯುತ್ತಿತ್ತು.